ಮೂಡಣದ ಮಳೆ, ಪಡುವಣದ ಮಳೆ

ಮೇ ತಿಂಗಳ ಕೊನೆಯ ವಾರದಲ್ಲಿ ಕರಾವಳಿಯ ಜನರು ಎದುರಾದಾಗ ಕುಶಲಪ್ರಶ್ನೆಗಿಂತ ಮೊದಲು ಬರುವ ಉದ್ಗಾರ 'ಏನು ಸೆಕೆ ಮಾರಾಯ್ರೆ!' ಎಂಬುದು. ಉಷ್ಣಮಾಪಕವನ್ನು ನೋಡಿದರೆ ಪಾದರಸವು 34 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. 40 ಡಿಗ್ರಿಯನ್ನು ದಾಟುವ ರಾಯಚೂರು, ಕಲಬುರಗಿಗಳ ಬೇಗೆಯ ಮುಂದೆ ಇದು ಗಣನೆಗೆ ಬಾರದ ತಾಪವೆಂದೇ ತೋರಬಹುದು. ಆದರೂ ಆ ಬಯಲುಸೀಮೆಯ ಬಿಸಿಲನ್ನು ಲೀಲಾಜಾಲವಾಗಿ ಸಹಿಸಿದವರು ಕೂಡ ಮಂಗಳೂರಿನಲ್ಲಿ ರೈಲಿನಿಂದ ಇಳಿದು ಸ್ವಲ್ಪ ಹೊತ್ತಿನಲ್ಲಿಯೇ ಅಂಗಿ ತೊಯ್ದು, ಉಸಿರು ಕಟ್ಟಿದಂತಾಗಿ, ಫ್ಯಾನಿನ ಕೆಳಗೆ ಜಾಗ ಹುಡುಕುವುದುಂಟು.

ಇದಕ್ಕೆ ಕಾರಣ ಪಕ್ಕದಲ್ಲಿಯೇ ಇರುವ ಸಮುದ್ರ. ಏಪ್ರಿಲ್-ಮೇ ತಿಂಗಳುಗಳಲ್ಲಿ ಅರಬ್ಬೀ ಸಮುದ್ರದ ಆಗ್ನೇಯ ಭಾಗದ ಮೇಲ್ಮೈ ನೀರು ಸುಮಾರು 30 ಡಿಗ್ರಿಯವರೆಗೆ ಕಾದು, ಹಗಲಿರುಳೆನ್ನದೆ ಆವಿಯಾಗಿ ವಾಯುಮಂಡಲವನ್ನು ಸೇರುತ್ತದೆ. ಹತ್ತು ಅಡಿ ಉದ್ದಗಲ, ಹತ್ತು ಅಡಿ ಎತ್ತರದ ಕೋಣೆಯೊಂದರ ಗಾಳಿಯಲ್ಲಿ ಆ ದಿನಗಳಲ್ಲಿ ಅರ್ಧ ಲೀಟರಿಗೂ ಮಿಕ್ಕ ನೀರು ಅದೃಶ್ಯರೂಪದಲ್ಲಿ ಅಡಗಿರುವುದೆಂದರೆ ಅದರ ಪ್ರಮಾಣವನ್ನು ಊಹಿಸಬಹುದು. ಮನುಷ್ಯನ ಶರೀರವು ತನ್ನ ತಾಪವನ್ನು ನೀಗಿಕೊಳ್ಳುವುದು ಬೆವರಿನ ಮೂಲಕ. ಒಂದು ಗ್ರಾಂ ಬೆವರು ಆರುವಾಗ ಸುಮಾರು 580 ಕ್ಯಾಲೊರಿಯಷ್ಟು ಶಾಖವನ್ನು ಮೈಯಿಂದ ಹೀರಿಕೊಂಡು ಹೋಗುತ್ತದೆ. ಆದರೆ ನೀರಾವಿಯಿಂದ ಆಗಲೇ ತುಂಬಿರುವ ಗಾಳಿ ಆ ಬೆವರನ್ನು ಬೇಗನೆ ಸ್ವೀಕರಿಸದೆ ಇರುವುದರಿಂದ, ಅದು ಆರದೆ ಧಾರೆಯಾಗಿ ಇಳಿಯುತ್ತದೆ, ಶಾಖವು ಮೈಯಲ್ಲಿಯೇ ಉಳಿಯುತ್ತದೆ.

ನಮ್ಮನ್ನು ಹೀಗೆ ಬಳಲಿಸುವ ಆ ಆವಿಯೇ ಸಾಯಂಕಾಲದ ಗುಡುಗುಮಳೆಗೆ ಮೂಲದ್ರವ್ಯ. ಪೂರ್ವಾಹ್ನದಲ್ಲಿ ನೆಲವು ಕಡಲಿಗಿಂತ ಬೇಗನೆ ಕಾದು, ಅದರ ಮೇಲಣ ಗಾಳಿ ಹಗುರಾಗಿ ಏಳುತ್ತಿರಲು, ಆ ತೆರವನ್ನು ತುಂಬುವುದಕ್ಕೆ ಕಡಲಗಾಳಿ ಒಳನಾಡಿನತ್ತ ಬೀಸತೊಡಗುತ್ತದೆ; ಅದು ಘಟ್ಟದ ಬುಡವನ್ನು ಮುಟ್ಟಿ, ಮುಂದೆ ದಾರಿಯಿಲ್ಲದೆ ಇಳಿಜಾರನ್ನು ಹತ್ತುತ್ತ ತಣಿಯುತ್ತದೆ. ತಣಿದ ಆವಿಯು ಹನಿಗಟ್ಟುವಾಗ, ಹಿಂದೆ ಕಡಲಿನಿಂದ ಪಡೆದಿದ್ದ ಶಾಖವನ್ನೆಲ್ಲ ಮರಳಿ ಬಿಟ್ಟುಕೊಡುವುದರಿಂದ, ಗಾಳಿಯು ಮತ್ತಷ್ಟು ಬೆಚ್ಚಗಾಗಿ ಮೇಲೇರುತ್ತದೆ. ಮಧ್ಯಾಹ್ನ ಎರಡು-ಮೂರು ಗಂಟೆಯ ಹೊತ್ತಿಗೆ ಮೋಡದ ನೆತ್ತಿ ಹನ್ನೆರಡು ಕಿಲೋಮೀಟರನ್ನೂ ಮೀರಿ ನಿಲ್ಲಬಲ್ಲುದು. ಅಷ್ಟೆತ್ತರದ ಶೈತ್ಯದಲ್ಲಿ ಹಿಮದ ಹರಳುಗಳೂ ಚಿಕ್ಕ ಆಲಿಕಲ್ಲುಗಳೂ ಒಂದಕ್ಕೊಂದು ತಾಗಿ ವಿದ್ಯುದಾವೇಶವನ್ನು ಹೊಂದುವುದರಿಂದಲೇ ಮಿಂಚು ಹುಟ್ಟುತ್ತದೆ.

ಆ ಹೊತ್ತಿಗೆ ಅಂಗಳದಲ್ಲಿ ಚಾಪೆಗಳ ಮೇಲೆ ಹಲಸಿನ ಹಪ್ಪಳಗಳು ಒಣಗುತ್ತಿರುತ್ತವೆ. ಪಡುವಣದಲ್ಲಿ ಬಿಸಿಲು ಇನ್ನೂ ಪ್ರಖರವಾಗಿರುತ್ತದೆ. ಜಗಲಿಯಲ್ಲಿ ಕುಳಿತ ಅಜ್ಜಿ ಮಾತ್ರ ಘಟ್ಟದ ಕಡೆಗೊಮ್ಮೆ ನೋಡಿ, 'ಮೂಡು ಕಪ್ಪಾಯ್ತು ಮಗಾ, ಚಾಪೆ ಒಳಗೆ ಹಾಕು' ಎನ್ನುತ್ತಾಳೆ. ಮೇಲ್ಮಟ್ಟದಲ್ಲಿ ಮೂಡಣಗಾಳಿ ಬೀಸುವಾಗ ಘಟ್ಟದಲ್ಲಿ ಕಟ್ಟಿದ ಮೋಡವು ಹಿಮ್ಮೊಗವಾಗಿ ಕಡಲತ್ತ ಸರಿಯುವುದೆಂಬುದನ್ನು ಅವಳು ಅನುಭವದಿಂದ ಬಲ್ಲಳು. ಮಳೆಗೆ ಮುಂಚೆ ಮೋಡದೊಳಗಿನಿಂದ ಕೆಳಗೆ ಸುರಿದ ತಣ್ಣನೆಯ ಗಾಳಿ ನೆಲವನ್ನು ತಾಕಿ ಹರಡಿಕೊಳ್ಳುತ್ತದೆ. ತೆಂಗಿನ ಮಡಲುಗಳು ಬೀಳುತ್ತವೆ, ಬಾಗಿಲುಗಳು ಬಡಿದುಕೊಳ್ಳುತ್ತವೆ, ಕರೆಂಟು ಹೋಗುತ್ತದೆ. ಮಿಂಚು ಕಂಡ ಮೇಲೆ ಮೂರು ಸೆಕೆಂಡಿಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು ಒಂದು ಕಿಲೋಮೀಟರು ದೂರದಲ್ಲಿದೆಯೆಂದರ್ಥ. ಆಗ ಮರದಡಿಯಲ್ಲಿಯಾಗಲಿ ಬಯಲಿನಲ್ಲಿಯಾಗಲಿ ನಿಲ್ಲುವುದು ಅಪಾಯಕರ.

ಕೃತ್ತಿಕೆ ಕಳೆದು ರೋಹಿಣಿ ಮಳೆನಕ್ಷತ್ರ ಹಿಡಿಯುವ ಈ ಸಂಧಿಕಾಲಕ್ಕೆ ಕರಾವಳಿಯು ತನ್ನ ಬಾಳನ್ನು ಹೊಂದಿಸಿಕೊಂಡಿರುವ ಬಗೆ ಗಮನಾರ್ಹವಾದುದು. ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ನೇಮಗಳು ನಿಲ್ಲುತ್ತವೆ. ಜೂನ್ 1ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಲ್ಪೆಯ ಬಂದರಿನಲ್ಲಿ ದೋಣಿಗಳು ಸಾಲುಗಟ್ಟುತ್ತವೆ. ಅಡಕೆಗೆ ಕೊಳೆರೋಗ ತಗಲಬಾರದೆಂದು ಬೆಳೆಗಾರರು ಮೈಲುತುತ್ತನ್ನೂ ಸುಣ್ಣವನ್ನೂ ಸಂಗ್ರಹಿಸಿ, ಮದ್ದು ಬಿಡಲು ಬಿಸಿಲಿನ ದಿನವನ್ನು ಕಾಯುತ್ತಾರೆ. ಕಡಲ ಬಿಸಿಯು ಒಮ್ಮೊಮ್ಮೆ ಚಂಡಮಾರುತವನ್ನೇ ಪೋಷಿಸುವುದೂ ಉಂಟು. 2021ರ ಮೇ ಮಧ್ಯದಲ್ಲಿ ಗುಜರಾತಿನತ್ತ ಸಾಗಿದ 'ತೌಕ್ತೆ' ಉಳ್ಳಾಲದಿಂದ ಕಾರವಾರದವರೆಗೆ ತೀರವನ್ನು ಅಲ್ಲೋಲಕಲ್ಲೋಲಗೊಳಿಸಿತ್ತು.

ಇಷ್ಟೆಲ್ಲ ಆರ್ಭಟವನ್ನು ಕಂಡವರು ಮಳೆಗಾಲ ಬಂತೆಂದು ಭಾವಿಸುವುದು ಸಹಜ. ಆದರೆ ಗುಡುಗಿನ ಮಳೆಯು ಆಯಾ ದಿನದ ಬಿಸಿಲಿಗೆ ಆಯಾ ಊರಿನಲ್ಲಿ ಹುಟ್ಟಿ ಅಂದೇ ಮುಗಿಯತಕ್ಕದ್ದು. ಪಕ್ಕದ ಗ್ರಾಮದಲ್ಲಿ ಹನಿಯೂ ಬಿದ್ದಿರಲಾರದು. ಮುಂಗಾರು ಹಾಗಲ್ಲ, ಅದು ಭೂಮಧ್ಯರೇಖೆಯ ಆಚೆಯಿಂದ ಸಾಗರವನ್ನು ದಾಟಿ ಬರುವ ಗಾಳಿ. ಕೇರಳಕ್ಕೆ ಅದರ ಪ್ರವೇಶವನ್ನು ಸಾರುವ ಮುನ್ನ ಹವಾಮಾನ ಇಲಾಖೆಯು ಮಳೆಯನ್ನು ಅಳೆದು ನೋಡುವ 14 ಕೇಂದ್ರಗಳಲ್ಲಿ ನಮ್ಮ ಮಂಗಳೂರೂ ಒಂದು. ಅವುಗಳಲ್ಲಿ ಶೇಕಡಾ 60ರಷ್ಟು ಕಡೆ ಸತತ ಎರಡು ದಿನ 2.5 ಮಿಲಿಮೀಟರಿಗೆ ಕಡಿಮೆಯಿಲ್ಲದ ಮಳೆಯಾದರಷ್ಟೇ ಸಾಲದು. ಪಡುವಣಗಾಳಿಯು ಸುಮಾರು ನಾಲ್ಕು ಕಿಲೋಮೀಟರು ಎತ್ತರದವರೆಗೂ ದಟ್ಟವಾಗಿ ಬೀಸುತ್ತಿರಬೇಕು, ಮೋಡಗಳು ವಿಸ್ತಾರವಾಗಿ ಕವಿದಿರಬೇಕು. ಅಂಥ ಮುಂಗಾರು ನೆಲೆಗೊಂಡ ಮೇಲೆ ಆಕಾಶವು ಮುಚ್ಚಿ, ನೆಲ ಕಾಯುವುದು ಕಡಿಮೆಯಾಗಿ, ಗುಡುಗು ವಿರಳವಾಗುತ್ತದೆ. ಮಳೆಯಾದರೋ ಹಗಲು ರಾತ್ರಿ ಎಡೆಬಿಡದೆ ಸುರಿಯುತ್ತದೆ. ಆದುದರಿಂದಲೇ ಗದ್ದೆಗೆ ನೇಜಿ ಹಾಕುವ ಅನುಭವಿ ಕೃಷಿಕನು ಗುಡುಗಿನ ಸದ್ದನ್ನಷ್ಟೇ ನೆಚ್ಚದೆ, ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ, ಎಷ್ಟು ದಿನ ಬಿಡದೆ ಬೀಸುತ್ತಿದೆ ಎಂಬುದನ್ನು ನೋಡಿ ಬೀಜದ ಮುಡಿಯನ್ನು ಬಿಚ್ಚುತ್ತಾನೆ.