ಬೇಸಾಯದ ಗೇಮ್ ಕೂಡ ಜೂಜೇ? ‘ಸ್ಟಾರ್‌ಡ್ಯೂ ವ್ಯಾಲಿ’ ಹೆಸರಿನ ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

ಸುತ್ತೂರಿನ ಓದುಗರೊಬ್ಬರು ನಮಗೆ ಎರಡು ಫಾರ್ವರ್ಡ್ ಕಳಿಸಿದ್ದಾರೆ. ಮೊಬೈಲಿನ ಎಲ್ಲ ಗೇಮ್‌ಗಳನ್ನೂ ಸರ್ಕಾರ ನಿಷೇಧಿಸಿದೆ, ಫೋನಿನಲ್ಲಿ ಗೇಮ್ ಇದ್ದರೆ ಕೇಸ್ ಬೀಳುತ್ತದೆ ಅನ್ನುವುದು ಮೊದಲನೆಯದು. ಎರಡನೆಯದು, ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಗೇಮ್ ಪೂರ್ತಿ ಫ್ರೀ, ಕೆಳಗಿನ ಲಿಂಕ್ ಒತ್ತಿ ಎನ್ನುತ್ತದೆ. ಎಂಟನೇ ಕ್ಲಾಸಿನ ಅವರ ಮಗ ಹಠ ಹಿಡಿದಿರುವುದು ಇದೇ ಗೇಮ್‌ಗೆ. ಆಡುವುದು ಅಮ್ಮನ ಫೋನಿನಲ್ಲಿ, ಅಂದರೆ ಬ್ಯಾಂಕಿನ ಮೆಸೇಜ್ ಬರುವ, ಫೋನ್‌ಪೇ ಇರುವ ಫೋನಿನಲ್ಲಿ. ಇದು ಜೂಜೇ, ಕೊಡಿಸಬಹುದೇ, ಚಿತ್ರ ಯಾಕೆ ಹೀಗೆ ಚೌಕ ಚೌಕವಾಗಿದೆ, ಕಣ್ಣಿಗೆ ಕೆಟ್ಟದ್ದೇ ಎಂದು ಕೇಳಿದ್ದಾರೆ.

ಉತ್ತರ ಬರೆಯುವ ಮೊದಲು ನಾವೂ ಆಡಿ ನೋಡಿದೆವು. ಚುಟುಕಾಗಿ ಹೇಳುವುದಾದರೆ, ಮೊದಲ ಫಾರ್ವರ್ಡ್ ಸುಳ್ಳು. ಎರಡನೆಯದು ಅಪಾಯ. ಗೇಮ್ ಜೂಜಲ್ಲ. ಆದರೆ ಆಟ ಬಿಟ್ಟು ಏಳುವುದು ಕಷ್ಟ, ಅದಕ್ಕೆ ಕಾರಣ ಗೇಮ್‌ನ ಒಳಗೇ ಇದೆ.

ಚಿತ್ರ ಯಾಕೆ ಹೀಗಿದೆ?

ಫೋನ್ ಕೆಟ್ಟಿಲ್ಲ. ಬೇಕೆಂದೇ ಹಾಗೆ ಮಾಡಿದ್ದಾರೆ. ಮನೆಯಲ್ಲಿ ಯಾರಾದರೂ ಕ್ರಾಸ್ ಸ್ಟಿಚ್ ಹಾಕಿದ್ದರೆ ನಿಮಗೆ ಇದು ಗೊತ್ತು: ಬಟ್ಟೆಯ ಮೇಲೆ ಚೌಕ ಎಣಿಸಿ, ಒಂದೊಂದು ಚೌಕಕ್ಕೆ ಒಂದೊಂದು ಬಣ್ಣದ ದಾರ. ಗಿಳಿಯ ಮೂಗು ಗುಂಡಗೆ ಬರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಹಳೇ ವಿಡಿಯೋ ಗೇಮ್‌ಗಳ ಚಿತ್ರವೂ ಹಾಗೇ. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಇಡೀ ಗೇಮ್ 40 ಕಿಲೋಬೈಟ್‌ನಲ್ಲಿ ಕೂತಿತ್ತು. ನಿಮಗೆ ಬೆಳಿಗ್ಗೆ ಬರುವ ಒಂದು ಗುಡ್ ಮಾರ್ನಿಂಗ್ ಚಿತ್ರ ಅದಕ್ಕಿಂತ ದೊಡ್ಡದಿರುತ್ತದೆ. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿದ್ದರು, ಬಣ್ಣ ಮಾತ್ರ ಬೇರೆ. ಟೀವಿಗೆ ಸಿಕ್ಕಿಸಿ ಆಡುತ್ತಿದ್ದ ಕ್ಯಾಸೆಟ್ ಗೇಮ್ ನೆನಪಿರುವವರು ಈಗ ನಗುತ್ತಿರಬಹುದು. (ಆ ಕ್ಯಾಸೆಟ್ಟಿಗೆ ಬಾಯಲ್ಲಿ ಊದಿದರೆ ಸರಿಹೋಗುತ್ತದೆ ಅನ್ನುವುದೂ ತಪ್ಪು ನಂಬಿಕೆಯೇ. ತೆಗೆದು ಮತ್ತೆ ಸಿಕ್ಕಿಸಿದ್ದರಿಂದ ಸರಿಹೋಗುತ್ತಿತ್ತು. ಊದಿದ ಎಂಜಲಿನ ತೇವ ಒಳಗಿನ ತಾಮ್ರಕ್ಕೆ ಕೆಟ್ಟದ್ದೇ ಮಾಡುತ್ತಿತ್ತು.)

ಇವತ್ತಿನ ಫೋನಿಗೆ ಆ ಇಕ್ಕಟ್ಟು ಇಲ್ಲ. ಆದರೂ ಹಳೇ ರೀತಿಯಲ್ಲಿ ಬರೆಯುವುದಕ್ಕೆ ನೆನಪಿನ ಆಸೆ ಒಂದು ಕಾರಣ, ಶ್ರಮದ ಲೆಕ್ಕ ಇನ್ನೊಂದು. ಸ್ಟಾರ್‌ಡ್ಯೂ ವ್ಯಾಲಿ ಮಾಡಿದವರು ಅಮೆರಿಕದ ಎರಿಕ್ ಬರೋನ್. ಕಂಪ್ಯೂಟರ್ ಸೈನ್ಸ್ ಪದವಿ ಮುಗಿಸಿ ಕೆಲಸ ಸಿಗದೆ, 1996ರಲ್ಲಿ ಜಪಾನಿನಲ್ಲಿ ಬಂದ ‘ಹಾರ್ವೆಸ್ಟ್ ಮೂನ್’ ಎಂಬ ಬೇಸಾಯದ ಗೇಮ್‌ನ ಗುಂಗಿನಲ್ಲಿ ಇದನ್ನು ಶುರು ಮಾಡಿದರು. ಚಿತ್ರ, ಸಂಗೀತ, ಕಥೆ, ಪ್ರೋಗ್ರಾಂ ಎಲ್ಲ ಒಬ್ಬರೇ ಮಾಡಿ, ನಾಲ್ಕೂವರೆ ವರ್ಷ ತೆಗೆದುಕೊಂಡು 2016ರ ಫೆಬ್ರವರಿ 26ರಂದು ಬಿಡುಗಡೆ ಮಾಡಿದರು. ಸಿನಿಮಾದಂಥ ಚಿತ್ರ ಬೇಕೆಂದಿದ್ದರೆ ಒಬ್ಬರಿಂದ ಒಂದು ಬೀದಿಯೂ ಮುಗಿಯುತ್ತಿರಲಿಲ್ಲ. ಚೌಕದ ಚಿತ್ರವಾದ್ದರಿಂದ ಒಂದು ಇಡೀ ಊರು ಕಟ್ಟಲು ಸಾಧ್ಯವಾಯಿತು.

ಇನ್ನು ಕಣ್ಣು. ಚೌಕದ ಚಿತ್ರ ಬೇರೆ ಚಿತ್ರಕ್ಕಿಂತ ಹೆಚ್ಚು ಹಾನಿ ಮಾಡುವುದಿಲ್ಲ. ಯಾವುದೇ ಪರದೆಯನ್ನು ನೆಟ್ಟು ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆ, ಅದಕ್ಕೇ ಕಣ್ಣು ಉರಿಯುವುದು. ಚಿಕ್ಕ ಫೋನಿನಲ್ಲಿ ಈ ಗೇಮ್‌ನ ಅಕ್ಷರ ತೀರಾ ಚಿಕ್ಕದು, ಮಕ್ಕಳು ಮೂಗಿನ ಹತ್ತಿರ ಹಿಡಿದು ಆಡುತ್ತಾರೆ. ಅದನ್ನು ಗಮನಿಸಿ.

ಒಂದೇ ಗೇಮ್‌ನಲ್ಲಿ ಎಷ್ಟು ಗೇಮ್?

ಇದು ‘ರೋಲ್ ಪ್ಲೇಯಿಂಗ್’ ಬಗೆಯ ಗೇಮ್. ಅಂದರೆ ನೀವು ಒಂದು ಪಾತ್ರವಾಗುತ್ತೀರಿ, ಮಾಡಿದ ಕೆಲಸಕ್ಕೆ ತಕ್ಕಂತೆ ಆ ಪಾತ್ರದ ಕೈಪಳಗುತ್ತಾ ಹೋಗುತ್ತದೆ. ಕಥೆ ಸರಳ. ಕಂಪನಿ ಕೆಲಸದಲ್ಲಿ ಬೇಸತ್ತ ಮೊಮ್ಮಗ ಅಥವಾ ಮೊಮ್ಮಗಳು ಅಜ್ಜ ಬಿಟ್ಟುಹೋದ ಹೊಲಕ್ಕೆ ಬರುತ್ತಾರೆ. ಊರಿನ ಮೇಯರ್ 15 ಪಾರ್ಸ್ನಿಪ್ ಬೀಜ ಕೊಡುತ್ತಾನೆ. ಅಗೆದು, ಬಿತ್ತಿ, ದಿನಾ ನೀರು ಹಾಕಿದರೆ ನಾಲ್ಕು ದಿನಕ್ಕೆ ಕೊಯ್ಲು.

ಅಲ್ಲಿಂದ ಮುಂದೆ ಬೇರೆ ಬೇರೆ ಗೇಮ್‌ಗಳು ಒಂದರೊಳಗೊಂದು ಬಿಚ್ಚಿಕೊಳ್ಳುತ್ತವೆ. ಸುತ್ತೂರು ಜಾತ್ರೆಗೆ ಹೋದವರಿಗೆ ಇದನ್ನು ವಿವರಿಸುವುದು ಸುಲಭ. ಒಂದು ಕಡೆ ದನಗಳ ಜಾತ್ರೆ, ಇನ್ನೊಂದು ಕಡೆ ಕುಸ್ತಿ, ಕೃಷಿ ಮೇಳ, ನಾಟಕ. ಎತ್ತು ನೋಡಲು ಬಂದವರು ಕುಸ್ತಿ ನೋಡಿ ಹೋಗುತ್ತಾರೆ. ಈ ಗೇಮ್‌ನಲ್ಲೂ ಹಾಗೆ. ಮೀನು ಹಿಡಿಯುವುದು ಕೈ ಚುರುಕಿನ ಆಟ, ಮೇಲೆ ಕೆಳಗೆ ಓಡುವ ಮೀನನ್ನು ಒಂದು ಪಟ್ಟಿಯೊಳಗೆ ಹಿಡಿದಿಡಬೇಕು. ನಮಗೆ ಮೊದಲ ದಿನ ಒಂದೂ ಸಿಗಲಿಲ್ಲ. 120 ಅಂತಸ್ತಿನ ಗಣಿಯಲ್ಲಿ ಕತ್ತಿ ಹಿಡಿದು ಲೋಳೆ ಪ್ರಾಣಿಗಳ ಜೊತೆ ಕಾದಾಟ. ಊರಿನವರ ಜೊತೆ ಮಾತು, ಉಡುಗೊರೆ, ಸ್ನೇಹ, ಮದುವೆ. ಅಡುಗೆ, ಕೋಳಿ, ಹಸು. ಊರಿನ ಪಡಖಾನೆಯಲ್ಲಿ ಹಳೇ ಕಾಲದ ಗೇಮ್ ಮಷೀನ್ ಇದೆ, ಅದನ್ನೂ ಆಡಬಹುದು, ಗೇಮ್‌ನೊಳಗೆ ಗೇಮ್. ವರ್ಷಕ್ಕೊಮ್ಮೆ ಊರ ಜಾತ್ರೆಯೂ ನಡೆಯುತ್ತದೆ: ನಿಮ್ಮ ಬೆಳೆಯಲ್ಲಿ ಚೆನ್ನಾಗಿರುವುದನ್ನು ಆಯ್ದು ಇಟ್ಟರೆ ಬಹುಮಾನ.

ಬೇಸಾಯ ಮಾತ್ರ ಕಬಿನಿ ನಾಲೆಯ ರೈತರು ನೋಡಿದರೆ ನಗುವಂಥದ್ದು. ರಾತ್ರಿ ಪೆಟ್ಟಿಗೆಯಲ್ಲಿ ಬೆಳೆ ಹಾಕಿದರೆ ಬೆಳಿಗ್ಗೆ ದುಡ್ಡು. ದಲ್ಲಾಳಿ ಇಲ್ಲ, ಸಾಲ ಇಲ್ಲ, ಎಷ್ಟು ಬೆಳೆದರೂ ದರ ಬೀಳುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು: 28 ದಿನದ ಋತು ಮುಗಿದ ಮರುದಿನ ಆ ಋತುವಿನ ಬೆಳೆ ಹೊಲದಲ್ಲಿದ್ದರೆ ಒಣಗಿ ನಿಲ್ಲುತ್ತದೆ.

ಹಾಗಾದರೆ ಜೂಜು, ನಿಷೇಧ?

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮ್‌ಗಳ ಬಗ್ಗೆ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಅದು ತಡೆಯುವುದು ದುಡ್ಡು ಕಟ್ಟಿ, ದುಡ್ಡು ಗೆಲ್ಲುವ ಆಸೆಯಿಂದ ಆಡುವ ಆನ್‌ಲೈನ್ ಆಟಗಳನ್ನು. ಅದೃಷ್ಟದ ಆಟವೋ ಜಾಣ್ಮೆಯ ಆಟವೋ ಎಂಬ ಭೇದ ಅಲ್ಲಿಲ್ಲ. ಆದರೆ ಪಣವಿಲ್ಲದೆ ಮನರಂಜನೆಗೆ ಆಡುವ ಗೇಮ್‌ಗಳನ್ನು ಅದು ನಿಷೇಧಿಸಿಲ್ಲ.

ಸ್ಟಾರ್‌ಡ್ಯೂ ವ್ಯಾಲಿಗೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು. ಜಾಹೀರಾತಿಲ್ಲ, ನಡುವೆ ‘ಇನ್ನಷ್ಟು ನಾಣ್ಯ ಕೊಳ್ಳಿ’ ಎಂಬ ಕಾಟವಿಲ್ಲ, ನೆಟ್ ಇಲ್ಲದೆಯೂ ನಡೆಯುತ್ತದೆ. ಹಾಗೆಂದು ತೀರಾ ಎಳೆಯರ ಗೇಮ್ ಅಲ್ಲ. ಅಮೆರಿಕದ ಗೇಮ್ ರೇಟಿಂಗ್ ಸಂಸ್ಥೆ ಇದನ್ನು 10 ವರ್ಷ ಮೇಲ್ಪಟ್ಟವರಿಗೆ ಎಂದು ಗುರುತಿಸಿದೆ. ಊರಿನಲ್ಲಿ ಕುಡಿಯುವವರಿದ್ದಾರೆ, ಮರುಭೂಮಿಯಲ್ಲಿ ಒಂದು ಕ್ಯಾಸಿನೋ ಕೂಡ ಇದೆ. ಅಲ್ಲಿ ಓಡುವುದು ಗೇಮ್‌ನೊಳಗಿನ ನಾಣ್ಯ ಮಾತ್ರ, ನಿಮ್ಮ ಖಾತೆಯಿಂದ ಒಂದು ರೂಪಾಯಿಯೂ ಹೋಗುವುದಿಲ್ಲ. ಆದರೂ ಮಗನಿಗೆ ಅದು ಸಿಕ್ಕಾಗ ಜೂಜಿನ ಬಗ್ಗೆ ನಾಲ್ಕು ಮಾತಾಡಲು ಒಳ್ಳೇ ಸಮಯ.

ನಮಗೆ ಭಯ ಹುಟ್ಟಿಸಿದ್ದು ಆ ‘ಫ್ರೀ’ ಲಿಂಕ್. ಆಂಡ್ರಾಯ್ಡ್ ಫೋನಿಗೆ ಈ ಗೇಮ್ ಪ್ಲೇ ಸ್ಟೋರ್‌ನಲ್ಲಿ ಬೆಲೆಗೆ ಸಿಗುತ್ತದೆ. ಬೆಲೆಯಿರುವ ಗೇಮ್ ವಾಟ್ಸಾಪಿನಲ್ಲಿ ಎಪಿಕೆ ಫೈಲ್ ಆಗಿ ಬಿಟ್ಟಿ ಬಂದರೆ, ಒಳಗೆ ಏನು ಸೇರಿಸಿದ್ದಾರೆಂದು ಹೇಳಲಾಗದು. ಇಂಥ ಫೈಲ್ ಒಮ್ಮೆ ಒಳಬಂದು ಎಸ್ಸೆಮ್ಮೆಸ್ ಓದುವ ಅನುಮತಿ ಕೇಳಿ, ಹುಡುಗ ಆತುರದಲ್ಲಿ ‘ಅಲೋ’ ಒತ್ತಿದರೆ, ಬ್ಯಾಂಕಿನ ಓಟಿಪಿ ಬೇರೆಯವರ ಕೈ ಸೇರಬಹುದು. ಬೇಸಾಯದ ಗೇಮ್‌ಗೆ ನಿಮ್ಮ ಮೆಸೇಜ್ ಓದುವ ಕೆಲಸವೇನು? ಈಗಾಗಲೇ ಹಾಕಿಕೊಂಡಿದ್ದರೆ ನೆಟ್ ಆಫ್ ಮಾಡಿ, ಅದನ್ನು ತೆಗೆದುಹಾಕಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

‘ಇನ್ನೊಂದೇ ದಿನ ಆಡ್ತೀನಿ’

ಗೇಮ್‌ನ ಒಂದು ದಿನ ಬೆಳಿಗ್ಗೆ 6ಕ್ಕೆ ಶುರುವಾಗಿ ರಾತ್ರಿ 2ಕ್ಕೆ ಮುಗಿಯುತ್ತದೆ, ನಮ್ಮ ಗಡಿಯಾರದಲ್ಲಿ 14 ನಿಮಿಷ ಚಿಲ್ಲರೆ. ಒಂದು ವರ್ಷಕ್ಕೆ 112 ದಿನ. ಪೂರ್ತಿ ಆಡಿದರೆ ಸುಮಾರು 27 ಗಂಟೆ. ಕಷ್ಟ ಇರುವುದು ಕೆಲಸಗಳನ್ನು ಹೆಣೆದ ರೀತಿಯಲ್ಲಿ. ನಾಳೆ ಪಾರ್ಸ್ನಿಪ್ ಕೊಯ್ಲು, ನಾಡಿದ್ದು ಕಮ್ಮಾರನ ಬಳಿ ಕೊಟ್ಟ ಕೊಡಲಿ ಸಿಗುತ್ತದೆ, ಆಚೆ ನಾಡಿದ್ದು ಯಾರದೋ ಹುಟ್ಟುಹಬ್ಬ. ಎಲ್ಲವೂ ಒಟ್ಟಿಗೆ ಮುಗಿಯುವ ದಿನ ಬರುವುದೇ ಇಲ್ಲ. ಮೂರನೇ ವರ್ಷದ ಆರಂಭಕ್ಕೆ ಅಜ್ಜನೇ ಬಂದು ನಿಮ್ಮ ಕೆಲಸಕ್ಕೆ ಅಂಕ ಕೊಡುತ್ತಾನೆ, ಆಮೇಲೂ ಗೇಮ್ ಮುಂದುವರಿಯುತ್ತದೆ. ‘ಒಂದೇ ದಿನ’ ಎಂದು ಕೂತ ನಾವು ಆ ರಾತ್ರಿ ಊಟಕ್ಕೆ ಎದ್ದದ್ದು ಹತ್ತೂವರೆಗೆ.

ಹೆಚ್ಚು ಆಡುವುದೆಲ್ಲ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಇದೆ ನಿಜ. ಆದರೆ ಆಟ ಹಿಡಿತ ತಪ್ಪಿರಬೇಕು, ಓದು ಊಟ ನಿದ್ದೆ ಸ್ನೇಹಕ್ಕಿಂತ ಅದೇ ಮೇಲಾಗಿರಬೇಕು, ತೊಂದರೆ ಕಂಡರೂ ಬಿಡಲಾಗದಿರಬೇಕು, ಇದೆಲ್ಲ ಸಾಮಾನ್ಯವಾಗಿ 12 ತಿಂಗಳು ಇರಬೇಕು. ಹಾಗೆ ಅನ್ನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ‘ಶಟ್ ಕ್ಲಿನಿಕ್’ ಇದೆ. ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಈ ಹುಡುಗನ ವಿಷಯದಲ್ಲಿ ನಾವು ತಾಯಿಗೆ ಹೇಳಿದ್ದು ಇಷ್ಟು. ಕೊಡಿಸುವುದಾದರೆ ಪ್ಲೇ ಸ್ಟೋರ್‌ನಿಂದಲೇ ಕೊಡಿಸಿ. ‘ಐದು ನಿಮಿಷ’ ಅನ್ನಬೇಡಿ, ‘ಎರಡು ದಿನ’ ಅನ್ನಿ, ಅರ್ಧ ಗಂಟೆ ಆಗುತ್ತದೆ. ಪಾತ್ರ ಮಲಗಿದಾಗ ಗೇಮ್ ಸೇವ್ ಆಗುವುದರಿಂದ ಅಲ್ಲಿ ನಿಲ್ಲಿಸಿದರೆ ಜಗಳ ಕಡಿಮೆ. ಫೋನಿನಲ್ಲಿ ನಡುವೆ ಬಿಟ್ಟರೂ ಮುಂದುವರಿಸಬಹುದು, ಆದ್ದರಿಂದ ‘ಈಗ ಬಿಟ್ಟರೆ ಎಲ್ಲ ಹೋಗುತ್ತೆ’ ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಕನ್ನಡದಲ್ಲಿ ಗೇಮ್ ಇಲ್ಲ, ಇಂಗ್ಲಿಷ್ ಓದಿಕೊಂಡೇ ಆಡಬೇಕು. ಎಂಟನೇ ಕ್ಲಾಸಿಗೆ ಅದು ನಷ್ಟವೇನಲ್ಲ.

ಅವರ ಕೊನೆಯ ಪ್ರಶ್ನೆಯೊಂದು ಉಳಿದಿತ್ತು: ಈ ಪಾರ್ಸ್ನಿಪ್ ಅಂದರೆ ಏನು, ನಮ್ಮ ಕಡೆ ಬೆಳೆಯುತ್ತಾರಾ? ಕ್ಯಾರೆಟ್‌ನ ಹತ್ತಿರದ ಸಂಬಂಧಿ, ನೋಡಲು ಕೆನೆಬಣ್ಣದ ಕ್ಯಾರೆಟ್‌ನಂತೆಯೇ, ಚಳಿ ದೇಶದ ಗಡ್ಡೆ. ಗೇಮ್‌ನಲ್ಲಿ ನಾಲ್ಕು ದಿನಕ್ಕೆ ಬರುವ ಇದು ನಿಜವಾದ ಹೊಲದಲ್ಲಿ ನಾಲ್ಕು ತಿಂಗಳಾದರೂ ತೆಗೆದುಕೊಳ್ಳುತ್ತದೆ.