ಕಂಪ್ಯೂಟರಿನೊಳಗಿನ ವಾದ್ಯ: ಕೊಳ್ಳುವ ಮುನ್ನ

ದೇವರನಾಮ ಹಾಡಿ ಮನೆಯಲ್ಲೇ ಧ್ವನಿಮುದ್ರಿಸುವ ಆಸೆಯೇ? ಪಿಟೀಲು, ಕೊಳಲು ನುಡಿಸುವವರಿಲ್ಲವೆಂದು ಕೊರಗಬೇಡಿ. ಕಂಪ್ಯೂಟರಿನಲ್ಲೇ ನುಡಿಯುವ ವಾದ್ಯಗಳಿವೆ. ಇವಕ್ಕೆ ಪ್ಲಗಿನ್ ಎನ್ನುತ್ತಾರೆ. ಆದರೆ ದುಡ್ಡು ಸುರಿಯುವ ಮುನ್ನ ಸ್ವಲ್ಪ ತಾಳಿ.

ಮೊದಲು ಮಾದರಿ ನೋಡಿ. ಆಪಲ್ ಕಂಪ್ಯೂಟರಿನ ಗ್ಯಾರೇಜ್‌ಬ್ಯಾಂಡ್ ಒಪ್ಪುವುದು 'ಎಯು' ಮಾದರಿಯನ್ನು. 1996ರಲ್ಲಿ ಸ್ಟೈನ್‌ಬರ್ಗ್ ಕಂಪನಿ ತಂದ 'ವಿಎಸ್‌ಟಿ'ಯನ್ನಲ್ಲ.

ಆಮೇಲೆ ಗಮಕ. ಪುಕ್ಕಟೆ ಪ್ರಯೋಗಕ್ಕೆ ಕೊಟ್ಟರೆ ನಿಮ್ಮ ಹಾಡಿನ ಒಂದು ಸಾಲು ನುಡಿಸಿ ನೋಡಿ. ಸ್ವರದಿಂದ ಸ್ವರಕ್ಕೆ ಜಾರದೆ ಮೆಟ್ಟಿಲು ಹತ್ತಿದಂತೆ ಕೇಳಿಸಿತೇ? ಎಷ್ಟೇ ಇಂಪಾಗಿದ್ದರೂ ನಮ್ಮ ಸಂಗೀತಕ್ಕೆ ಅದು ಒಗ್ಗದು, ಬಿಟ್ಟುಬಿಡಿ.

ಗ್ಯಾರೇಜ್‌ಬ್ಯಾಂಡ್‌ನಲ್ಲೇ ಪುಕ್ಕಟೆ ವಾದ್ಯಗಳಿವೆ. ಮೊದಲು ಅಂಥವುಗಳಲ್ಲೇ ಕೈ ಪಳಗಲಿ. ಉಳಿಸಿದ ದುಡ್ಡಿಗೆ ಒಳ್ಳೇ ಮೈಕು ತನ್ನಿ. ಜನ ಕೇಳುವುದು ನಿಮ್ಮ ಕಂಠವನ್ನೇ ಅಲ್ಲವೇ?