ನೆನಪಿದೆ, ವಿಳಾಸವಿಲ್ಲ!

ಹೊನ್ನಾವರದಂಥ ಸಣ್ಣ ಊರಿನಲ್ಲಿ ಅಂಗಡಿಕಾರನೊಬ್ಬನನ್ನು ನಾಲ್ಕು ಜನರೆದುರು ‘ಮೋಸಗಾರ’ ಎಂದು ಕರೆಯುವುದು ಸುಲಭ. ಆಡಿದ ಮಾತನ್ನು ಹಿಂದಕ್ಕೆ ಪಡೆಯುವುದು ಮಾತ್ರ ಬಹಳ ಕಷ್ಟ. 2010ರ ಮಳೆಗಾಲದಲ್ಲಿ ನಾನು ಈ ಎರಡನ್ನೂ ಮಾಡಬೇಕಾಗಿ ಬಂತು. ಅದಕ್ಕೆ ಕಾರಣವಾದದ್ದು ಮುಕ್ಕಾಲು ಜಿಬಿಯಷ್ಟು ಕಂಪ್ಯೂಟರ್ ಮೆಮೊರಿ.

ಅಂಚೆ ಇಲಾಖೆಯಲ್ಲಿ ಮೂರು ದಶಕ ದುಡಿದು ನಿವೃತ್ತನಾದ ಮೇಲೆ, ತಂದೆಯವರ ಪೆಟ್ಟಿಗೆಯಲ್ಲಿದ್ದ ಯಕ್ಷಗಾನ ಪ್ರಸಂಗಗಳ ಕೈಬರಹದ ಪ್ರತಿಗಳನ್ನು ಉಳಿಸಬೇಕೆಂಬ ಹಂಬಲ ಹುಟ್ಟಿತ್ತು. ಕರಾವಳಿಯ ತೇವಕ್ಕೂ ಗೆದ್ದಲಿಗೂ ಕಾಗದ ಹೆಚ್ಚು ಕಾಲ ಬಾಳುವುದಿಲ್ಲ. ಒಂದು ಕಂಪ್ಯೂಟರನ್ನೂ ಸ್ಕ್ಯಾನರನ್ನೂ ತಂದು ಪುಟಗಳ ಚಿತ್ರ ತೆಗೆಯತೊಡಗಿದೆ. ನಾಲ್ಕಾರು ದೊಡ್ಡ ಚಿತ್ರಗಳನ್ನು ಒಟ್ಟಿಗೆ ತೆರೆದರೆ ಯಂತ್ರ ಏದುಸಿರು ಬಿಡುತ್ತಿತ್ತು. ಇದ್ದ ಎರಡು ಜಿಬಿ ರ‍್ಯಾಮ್ ಸಾಲದು, ಇನ್ನೆರಡು ಜಿಬಿ ಸೇರಿಸಿ ಎಂದರು ತಿಳಿದವರು. ಪೇಟೆಯ ಒಂದು ಅಂಗಡಿಯಲ್ಲಿ ಎರಡು ಜಿಬಿಯ ಇನ್ನೊಂದು ಪಟ್ಟಿ ಕೊಂಡು ಹಾಕಿಸಿದೆ. ಮನೆಗೆ ಬಂದು ಪರದೆ ನೋಡಿದರೆ, ಅಳವಡಿಸಿದ ಮೆಮೊರಿ 4 ಜಿಬಿ, ಬಳಕೆಗೆ ಸಿಗುವುದು 3.24 ಜಿಬಿ ಎಂದಿತ್ತು. ಎರಡು ಸೇರು ಅಕ್ಕಿಯ ಹಣ ಪಡೆದು ಒಂದೂಕಾಲು ಸೇರು ಅಳೆದು ಕೊಟ್ಟಂತಾಯಿತಲ್ಲ ಎಂದು ಸಿಟ್ಟು ನೆತ್ತಿಗೇರಿತು.

ಅಂಗಡಿಯ ಯುವಕ ನನ್ನ ಮಾತುಗಳನ್ನೆಲ್ಲ ಕೇಳಿಸಿಕೊಂಡ. ಯಂತ್ರವನ್ನು ತರಿಸಿಕೊಂಡು, ಮುಚ್ಚಳ ಬಿಚ್ಚಿ, ಪಟ್ಟಿಗಳನ್ನು ಒಂದೊಂದಾಗಿ ಹಾಕಿ ತೋರಿಸಿದ. ಹಳೆಯದೊಂದೇ ಇದ್ದಾಗ ಎರಡರ ಸನಿಹದ ಲೆಕ್ಕ, ಹೊಸದೊಂದೇ ಇದ್ದಾಗಲೂ ಅಷ್ಟೇ ಲೆಕ್ಕ. ಎರಡನ್ನೂ ಕೂಡಿಸಿದರೆ ಮಾತ್ರ ಮತ್ತೆ ಮೂರೂಕಾಲು. ‘ಮಾಸ್ತರ್ರೆ, ಎರಡೂ ಸರಿಯಾಗೇ ಇದ್ದಾವೆ. ಯಾಕೆ ಹೀಗೆ ತೋರಿಸ್ತದೆ ಅಂತ ನನಗೂ ಗೊತ್ತಾಗ್ತಾ ಇಲ್ಲ’ ಎಂದ. ಗೊತ್ತಿಲ್ಲ ಎಂಬ ಆ ಪ್ರಾಮಾಣಿಕ ಮಾತೇ ನನ್ನ ಕಣ್ಣಿಗೆ ಅವನ ತಪ್ಪೊಪ್ಪಿಗೆಯಾಗಿ ಕಂಡಿತು. ಆಡಬಾರದ ಮಾತು ಆಡಿದೆ. ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. ಅವನು ಮರುಮಾತಿಲ್ಲದೆ ಪಟ್ಟಿಯನ್ನು ತೆಗೆದಿಟ್ಟುಕೊಂಡು ಪೂರ್ತಿ ಹಣ ಎಣಿಸಿ ಕೊಟ್ಟ. ನಾನು ಗೆದ್ದವನಂತೆ ಮನೆಗೆ ಬಂದೆ.

ಚೌತಿ ಹಬ್ಬಕ್ಕೆ ಬೆಂಗಳೂರಿನಿಂದ ತಮ್ಮನ ಮಗಳು ಬಂದಳು. ಅವಳದು ಸಾಫ್ಟ್‌ವೇರ್ ಉದ್ಯೋಗ. ಕತೆಯನ್ನೆಲ್ಲ ಕೇಳಿದವಳು ನಗಲಿಲ್ಲ. ‘ದೊಡ್ಡಪ್ಪ, ನಮ್ಮೂರಿನ ಪಿನ್ ಎಷ್ಟು?’ ಎಂದಳು. ಅದು ನಿದ್ದೆಯಲ್ಲಿ ಕೇಳಿದರೂ ಹೇಳುವ ಸಂಖ್ಯೆ: 581334. ಕುಮಟಾಕ್ಕೆ 581343, ಭಟ್ಕಳಕ್ಕೆ 581320. ‘ಆರು ಅಂಕಿಗಳಲ್ಲಿ ಒಟ್ಟು ಎಷ್ಟು ಸಂಖ್ಯೆ ಬರೆಯಬಹುದು?’ ಸೊನ್ನೆಗಳಿಂದ ಹಿಡಿದು 999999ರವರೆಗೆ ಹತ್ತು ಲಕ್ಷ. ‘ದೇಶದಲ್ಲಿ ಹನ್ನೊಂದು ಲಕ್ಷ ಅಂಚೆ ಕಚೇರಿ ಕಟ್ಟಿದರೆ?’ ಕೊನೆಯ ಒಂದು ಲಕ್ಷಕ್ಕೆ ಪಿನ್ ಇರುವುದಿಲ್ಲ ಎಂದೆ. ‘ಕಟ್ಟಡ ಇರುತ್ತದೆ, ಪತ್ರ ಹೋಗುವುದಿಲ್ಲ, ಅಲ್ಲವೇ?’ ಎಂದಳು. ನನ್ನ ಕಂಪ್ಯೂಟರಿನೊಳಗೆ ನಡೆದದ್ದೂ ಅದೇ ಎಂಬ ಪೀಠಿಕೆ ಅದಾಗಿತ್ತು.

ಕಂಪ್ಯೂಟರಿನ ಮೆಮೊರಿ ಎಂದರೆ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವ ಗೂಡುಗಳ ಸಾಲಿನಂತೆ. ಒಂದೊಂದು ಗೂಡಿನಲ್ಲಿ ಒಂದು ಬೈಟ್ ಮಾಹಿತಿ, ಒಂದೊಂದು ಗೂಡಿಗೂ ಒಂದು ಸಂಖ್ಯೆ. ಯಂತ್ರದ ಮಿದುಳಾದ ಪ್ರೊಸೆಸರ್‌ಗೆ ಗೂಡು ಕಾಣುವುದಿಲ್ಲ, ಅದರ ಸಂಖ್ಯೆಯಷ್ಟೇ ಗೊತ್ತು. ನಾವು ಹತ್ತು ಅಂಕಿಗಳಲ್ಲಿ ಎಣಿಸಿದರೆ ಯಂತ್ರ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಲ್ಲಿ ಎಣಿಸುತ್ತದೆ. ಅಂಥ ಒಂದು ಅಂಕಿಗೆ ಬಿಟ್ ಎಂದು ಹೆಸರು. ಒಂದು ಬಿಟ್‌ನಲ್ಲಿ ಎರಡು ವಿಳಾಸ, ಎರಡು ಬಿಟ್‌ನಲ್ಲಿ ನಾಲ್ಕು, ಮೂರರಲ್ಲಿ ಎಂಟು. ಹೀಗೆ ಒಂದೊಂದು ಬಿಟ್ ಹೆಚ್ಚಿದಾಗಲೂ ವಿಳಾಸಗಳು ಇಮ್ಮಡಿಯಾಗುತ್ತವೆ. 32 ಬಿಟ್‌ಗಳಲ್ಲಿ ದೊರೆಯುವ ವಿಳಾಸಗಳು 429 ಕೋಟಿ 49 ಲಕ್ಷ 67 ಸಾವಿರದ 296. ನಾಲ್ಕು ಜಿಬಿ ಎಂದರೆ ಸರಿಯಾಗಿ ಅಷ್ಟೇ ಬೈಟ್. ನನ್ನ ಯಂತ್ರದಲ್ಲಿದ್ದದ್ದು 32 ಬಿಟ್‌ನ ವಿಂಡೋಸ್ 7.

ಹಾಗಾದರೆ ನಾಲ್ಕು ಜಿಬಿಗೆ ಸರಿಹೊಂದುವಷ್ಟು ಸಂಖ್ಯೆಗಳಿದ್ದವಲ್ಲ, ಕೊರತೆ ಎಲ್ಲಿಂದ ಬಂತು ಎಂದು ಕೇಳಿದೆ. ಅವಳು ಮರುಪ್ರಶ್ನೆ ಹಾಕಿದಳು: ‘ಒಂಬತ್ತರಿಂದ ಆರಂಭವಾಗುವ ಪಿನ್ ಯಾವ ಊರಿನದು?’

ಯಾವ ಊರಿನದೂ ಅಲ್ಲ! ಸಂಸ್ಕೃತ ಕವಿಯೂ ಆಗಿದ್ದ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರ್ ಅವರು ರೂಪಿಸಿದ ಪಿನ್ ವ್ಯವಸ್ಥೆ 1972ರ ಆಗಸ್ಟ್ 15ರಂದು ಜಾರಿಗೆ ಬಂತು. ಅದರಲ್ಲಿ ಮೊದಲ ಅಂಕಿ ಒಂದರಿಂದ ಎಂಟರವರೆಗೆ ದೇಶದ ಭೂಪ್ರದೇಶಗಳಿಗೆ ಸೇರಿದ್ದು. ಒಂಬತ್ತು ಸೇನೆಯ ಅಂಚೆಗೆ ಮೀಸಲು. ಸೈನಿಕ ಇಂದು ಒಂದು ಕಡೆ, ನಾಳೆ ಇನ್ನೊಂದು ಕಡೆ. ಅವನಿಗೆ ಭೂಪಟದಲ್ಲಿ ಊರಿಲ್ಲದಿದ್ದರೂ ಪತ್ರ ತಲುಪಲು ಸಂಖ್ಯೆ ಬೇಕೇ ಬೇಕು. ಹೀಗಾಗಿ ಒಂಬತ್ತರಿಂದ ಆರಂಭವಾಗುವ ಒಂದು ಲಕ್ಷ ಸಂಖ್ಯೆಗಳು ಯಾವ ಊರಿಗೂ ಸಿಗುವುದಿಲ್ಲ. ಸೊನ್ನೆಯಿಂದ ಆರಂಭವಾಗುವ ಪಿನ್ ಕೂಡ ಇಲ್ಲ. ಕಾಗದದ ಮೇಲೆ ಹತ್ತು ಲಕ್ಷವಾದರೂ ಊರುಗಳ ಪಾಲಿಗೆ ಉಳಿಯುವುದು ಎಂಟು ಲಕ್ಷ. ಇಷ್ಟು ವರ್ಷ ಈ ಸಂಖ್ಯೆಗಳ ನಡುವೆಯೇ ಬದುಕಿದ ನನಗೆ ಇದು ಒಮ್ಮೆಯೂ ವಿಚಿತ್ರವೆನಿಸಿರಲಿಲ್ಲ.

ಕಂಪ್ಯೂಟರಿನಲ್ಲಿಯೂ ಪ್ರೊಸೆಸರ್ ಮೆಮೊರಿಯೊಡನೆ ಮಾತ್ರ ವ್ಯವಹರಿಸುವುದಿಲ್ಲ. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗ, ಜಾಲಕ್ಕೆ ಜೋಡಿಸುವ ಕಾರ್ಡ್, ಯುಎಸ್‌ಬಿ ನಿಯಂತ್ರಕ, ಯಂತ್ರವನ್ನು ಎಬ್ಬಿಸುವ ಬಯಾಸ್ ಚಿಪ್ ಇವೆಲ್ಲಕ್ಕೂ ಸಂದೇಶ ಹೋಗಬೇಕು. ಅವುಗಳಿಗೂ ವಿಳಾಸ ಸಿಗುವುದು ಇದೇ ಸಂಖ್ಯಾಮಾಲೆಯಿಂದ. ಸಾಮಾನ್ಯವಾಗಿ ನಾಲ್ಕು ಜಿಬಿಯ ಗಡಿಗೆ ತಾಗಿದ ತುದಿಭಾಗವನ್ನು ಅವುಗಳಿಗೆ ಬಿಟ್ಟುಕೊಡಲಾಗುತ್ತದೆ. ಎರಡು ಜಿಬಿಯಷ್ಟೇ ಮೆಮೊರಿ ಇದ್ದಾಗ ಆ ತುದಿ ಹೇಗೂ ಖಾಲಿಯಿರುವುದರಿಂದ ಯಾರಿಗೂ ತೊಂದರೆಯಿಲ್ಲ. ಅಂಗಡಿಯ ಯುವಕ ಒಂದೊಂದೇ ಪಟ್ಟಿ ಹಾಕಿದಾಗ ಲೆಕ್ಕ ಸರಿಹೋದದ್ದು ಇದೇ ಕಾರಣಕ್ಕೆ. ನಾಲ್ಕು ಜಿಬಿ ತುಂಬಿದಾಗ ಮಾತ್ರ ಒಂದೇ ಸಂಖ್ಯೆಗೆ ಇಬ್ಬರು ಹಕ್ಕುದಾರರು ಎದುರಾಗುತ್ತಾರೆ. ಆಗ ಸಾಧನಗಳು ಗೆಲ್ಲುತ್ತವೆ, ಮೆಮೊರಿಯ ಅಷ್ಟು ಭಾಗ ವಿಳಾಸ ಕಳೆದುಕೊಳ್ಳುತ್ತದೆ. ಅದು ಕೆಟ್ಟಿಲ್ಲ, ಕದ್ದುಹೋಗಿಲ್ಲ, ಪಟ್ಟಿಯಲ್ಲೇ ಇದೆ. ಕರೆಯಲು ಹೆಸರಿಲ್ಲ, ಅಷ್ಟೇ.

ಈ ಬಗೆಯ ಇಕ್ಕಟ್ಟು ಹೊಸದೂ ಅಲ್ಲ. 1981ರಲ್ಲಿ ಐಬಿಎಂ ಹೊರತಂದ ಪರ್ಸನಲ್ ಕಂಪ್ಯೂಟರಿನ ಪ್ರೊಸೆಸರಿಗೆ ಇದ್ದದ್ದು 20 ಬಿಟ್‌ಗಳ ವಿಳಾಸ, ಅಂದರೆ ಒಂದು ಎಂಬಿ. ಅದರಲ್ಲಿ ಮೇಲಿನ 384 ಕೆಬಿಯನ್ನು ಪರದೆ ಮೊದಲಾದವುಗಳಿಗೆ ಮೀಸಲಿಟ್ಟು 640 ಕೆಬಿಯನ್ನು ತಂತ್ರಾಂಶಗಳಿಗೆ ಬಿಟ್ಟರು. ಆ 640ರ ಗೋಡೆಯನ್ನು ದಾಟಲು ತಂತ್ರಜ್ಞರು ವರ್ಷಗಟ್ಟಲೆ ಹೆಣಗಿದರು. ಅಂದು ಸಾಕಷ್ಟು ದೊಡ್ಡದೆಂದು ಕಂಡ ಅಂಗಳ ಸಂಸಾರ ಬೆಳೆದಂತೆ ಕಿರಿದಾಯಿತು.

ಹಾಗೆಂದು ಎಲ್ಲ ಹೊಣೆಯನ್ನೂ ಗಣಿತದ ಮೇಲೆ ಹೊರಿಸಿದರೆ ಅದು ಅರ್ಧ ಸತ್ಯವಾದೀತು. ಇಂಟೆಲ್ 1995ರಲ್ಲೇ ತಂದ ಪೆಂಟಿಯಂ ಪ್ರೊ 36 ಬಿಟ್‌ಗಳ ವಿಳಾಸವನ್ನು, ಅಂದರೆ 64 ಜಿಬಿಯನ್ನು, ಮುಟ್ಟಬಲ್ಲದ್ದಾಗಿತ್ತು. ವಿಂಡೋಸ್‌ನ ಕೆಲವು ಸರ್ವರ್ ಆವೃತ್ತಿಗಳು 32 ಬಿಟ್‌ನಲ್ಲಿದ್ದೂ ನಾಲ್ಕು ಜಿಬಿಗಿಂತ ಹೆಚ್ಚನ್ನು ಬಳಸಿಕೊಂಡವು. ಮನೆ ಮತ್ತು ಕಚೇರಿಗಳ ಆವೃತ್ತಿಗೆ ಮಾತ್ರ ಮೈಕ್ರೋಸಾಫ್ಟ್ ನಾಲ್ಕು ಜಿಬಿಯ ಗೆರೆ ಎಳೆಯಿತು. ಅದಕ್ಕೂ ಒಂದು ಕಾರಣವಿತ್ತು. ಮುದ್ರಕ, ಸ್ಕ್ಯಾನರ್, ಕಾರ್ಡುಗಳನ್ನು ನಡೆಸುವ ಅನೇಕ ಡ್ರೈವರ್ ತಂತ್ರಾಂಶಗಳು 32 ಬಿಟ್‌ಗಿಂತ ಉದ್ದದ ವಿಳಾಸವನ್ನು ನಿರೀಕ್ಷಿಸಿರಲಿಲ್ಲ. ಏಳು ಅಂಕಿಯ ಪಿನ್ ಬಂದರೆ ಆರೇ ಮನೆಗಳಿರುವ ನಮೂನೆ ಏನು ಮಾಡೀತು? ಅಂಥ ಡ್ರೈವರುಗಳು ಮುಗ್ಗರಿಸಿ ಇಡೀ ಯಂತ್ರವನ್ನೇ ಕೆಡವುತ್ತಿದ್ದವು. ಹೆಚ್ಚಿನ ಮೆಮೊರಿ ಕೊಟ್ಟು ಯಂತ್ರ ಕುಸಿಯುವುದಕ್ಕಿಂತ ಇದ್ದುದರಲ್ಲಿ ನಡೆಸುವುದು ಲೇಸೆಂದು ಕಂಪನಿ ತೀರ್ಮಾನಿಸಿತು. ತೀರ್ಮಾನದಲ್ಲಿ ವಿವೇಕವಿತ್ತು ಎಂದು ಒಪ್ಪೋಣ. ಆದರೆ ಅದನ್ನು ಗ್ರಾಹಕನಿಗೆ ಅರ್ಥವಾಗುವಂತೆ ಪರದೆಯ ಮೇಲೆ ಎರಡು ಸಾಲಿನಲ್ಲಿ ಹೇಳಿದ್ದರೆ, ಸಾವಿರಾರು ಮೈಲಿ ದೂರದ ಹೊನ್ನಾವರದಲ್ಲಿ ಒಬ್ಬ ಪ್ರಾಮಾಣಿಕ ಹುಡುಗ ತಲೆ ತಗ್ಗಿಸಿ ನಿಲ್ಲಬೇಕಾಗಿರಲಿಲ್ಲ.

ಪರಿಹಾರವೂ ಅಷ್ಟರಲ್ಲಾಗಲೇ ಬಂದಿತ್ತು. ಎಎಂಡಿ 2003ರಲ್ಲಿ ಹಳೆಯ ತಂತ್ರಾಂಶಗಳನ್ನೂ ಓಡಿಸಬಲ್ಲ 64 ಬಿಟ್ ಪ್ರೊಸೆಸರ್ ತಂದಿತು, ಮರುವರ್ಷ ಇಂಟೆಲ್ ಅದೇ ಹಾದಿ ಹಿಡಿಯಿತು. ನನ್ನ ಯಂತ್ರದ ಪ್ರೊಸೆಸರ್ ಕೂಡ 64 ಬಿಟ್‌ನದೇ ಆಗಿತ್ತು. ಅದರ ಮೇಲೆ ಕೂರಿಸಿದ್ದ ವಿಂಡೋಸ್ ಮಾತ್ರ 32 ಬಿಟ್‌ನದು. ತಮ್ಮನ ಮಗಳು ಹಬ್ಬದ ಮರುದಿನ 64 ಬಿಟ್ ಆವೃತ್ತಿಯನ್ನು ಹಾಕಿದಳು, ನನ್ನ ಸ್ಕ್ಯಾನರಿಗೆ ಹೊಂದುವ ಡ್ರೈವರನ್ನು ಹುಡುಕುವುದರಲ್ಲಿ ಅರ್ಧ ದಿನ ಹೋಯಿತು. ಇನ್ನು ಆ ಎರಡು ಜಿಬಿಯ ಪಟ್ಟಿ ಬೇಕಿತ್ತು. ಅದು ಇದ್ದದ್ದು ಅದೇ ಅಂಗಡಿಯಲ್ಲಿ.

ಹೋದೆ. ಅಂದು ಇದ್ದ ಗಿರಾಕಿಗಳನ್ನು ಮತ್ತೆ ಒಟ್ಟುಗೂಡಿಸುವುದು ಸಾಧ್ಯವಿರಲಿಲ್ಲ. ಇದ್ದಷ್ಟು ಜನರೆದುರು, ತಪ್ಪು ನನ್ನದು ಎಂದೆ. ಪಿನ್ ಕೋಡಿನ ಕತೆಯನ್ನೂ ಹೇಳಿದೆ. ಅವನು ಗಮನವಿಟ್ಟು ಕೇಳಿದ. ‘ಇರಲಿ ಮಾಸ್ತರ್ರೆ. ಇನ್ನು ಗಿರಾಕಿಗಳು ಕೇಳಿದರೆ ಹೇಳಲಿಕ್ಕೆ ನನಗೊಂದು ಉತ್ತರ ಸಿಕ್ಕಿತು’ ಎಂದಷ್ಟೇ ಹೇಳಿ ಅದೇ ಪಟ್ಟಿಯನ್ನು ಹಾಕಿಕೊಟ್ಟ. ಪರದೆ ಈಗ 3.87 ಎಂದಿತು. ಉಳಿದ ಅಲ್ಪಭಾಗವೂ ಕಾಣೆಯಾದದ್ದಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಲ್ಲಿ ಪರದೆಯ ಕೆಲಸಕ್ಕೆಂದು ಮೆಮೊರಿಯಿಂದಲೇ ಒಂದು ಪಾಲನ್ನು ತೆಗೆದಿಡುತ್ತಾರೆ. ಅದು ದುಡಿಯುತ್ತಿರುತ್ತದೆ, ನಮ್ಮ ಲೆಕ್ಕದಲ್ಲಿ ಕಾಣುವುದಿಲ್ಲ.

ಅಂದಿನಿಂದ ಇಂಥ ‘ಕಳವು’ಗಳ ಬಗ್ಗೆ ಯಾರಾದರೂ ಹೇಳಿದರೆ ಮೊದಲು ಕಾರಣ ಹುಡುಕುತ್ತೇನೆ. 500 ಜಿಬಿಯ ಹಾರ್ಡ್ ಡಿಸ್ಕ್ 465 ಎಂದು ತೋರಿಸುವುದು ಕಳವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಐವತ್ತು ಸಾವಿರ ಕೋಟಿ ಬೈಟ್ ಕೊಟ್ಟಿರುತ್ತಾರೆ, ವಿಂಡೋಸ್ ಅದನ್ನು 1024ರ ಲೆಕ್ಕದಲ್ಲಿ ಅಳೆಯುತ್ತದೆ. ವಿಂಡೋಸ್ 7ರ ಸ್ಟಾರ್ಟರ್ ಎಂಬ ಅಗ್ಗದ ಆವೃತ್ತಿ ಎಷ್ಟೇ ಮೆಮೊರಿ ಹಾಕಿದರೂ ಎರಡು ಜಿಬಿಗಿಂತ ಹೆಚ್ಚು ಬಳಸುತ್ತಿರಲಿಲ್ಲ. ಪಟ್ಟಿ ಸರಿಯಾಗಿ ಕೂರದೆಯೂ ಲೆಕ್ಕ ತಪ್ಪಬಹುದು. ಇವೆಲ್ಲವನ್ನೂ ನೋಡಿದ ಮೇಲೆಯೇ ಅಂಗಡಿಕಾರನ ಮೇಲೆ ಸಂಶಯಪಡಬೇಕು.

ಇದು ಹಳೆಯ ಕತೆಯೆಂದು ತಳ್ಳಿಹಾಕುವಂತಿಲ್ಲ. ವಿಂಡೋಸ್ 10ಕ್ಕಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. 32 ಬಿಟ್‌ನ ಆವೃತ್ತಿಯಿದ್ದ ಕೊನೆಯ ವಿಂಡೋಸ್ ಅದೇ, 2021ರಲ್ಲಿ ಬಂದ ವಿಂಡೋಸ್ 11ಕ್ಕೆ 64 ಬಿಟ್‌ನ ಆವೃತ್ತಿ ಮಾತ್ರ ಇದೆ. ಹೀಗಾಗಿ ಶಾಲೆ, ಸಂಘ, ಸಣ್ಣ ಕಚೇರಿಗಳ ಹಳೆಯ ಯಂತ್ರಗಳು ಗುಜರಿಯ ದಾರಿ ಹಿಡಿಯುವ ಕಾಲವಿದು. ಎಸೆಯುವ ಮೊದಲು ಒಮ್ಮೆ ನೋಡಿ: ಪ್ರೊಸೆಸರ್ 64 ಬಿಟ್‌ನದಾಗಿದ್ದು ವ್ಯವಸ್ಥೆಯಷ್ಟೇ 32 ಬಿಟ್‌ನದಾಗಿರಬಹುದು. ಹಾಗಿದ್ದರೆ ಉಚಿತವಾಗಿ ಸಿಗುವ 64 ಬಿಟ್ ಲಿನಕ್ಸ್ ಹಾಕಿದರೂ ಸಾಕು, ಹಣ ಕೊಟ್ಟು ಕೊಂಡು ವರ್ಷಗಟ್ಟಲೆ ಮುಟ್ಟಲಾಗದೆ ಉಳಿದ ಮೆಮೊರಿ ಕೆಲಸಕ್ಕೆ ಬರಬಹುದು.

ಮೂವತ್ತು ವರ್ಷ ನಾನು ಮಾಡಿದ್ದು ವಿಳಾಸದ ಕೆಲಸ. ವಿಳಾಸ ತಪ್ಪಿದ ಪತ್ರ ಹಿಂದಿರುಗಿದಾಗ, ಅದನ್ನು ಹೊತ್ತು ತಂದ ಅಂಚೆಯವನನ್ನೇ ಜನ ಬೈಯುವುದನ್ನು ಎಷ್ಟೋ ಸಲ ಕೌಂಟರಿನ ಒಳಗಡೆ ನಿಂತು ಕೇಳಿದ್ದೇನೆ. ನಿವೃತ್ತನಾಗಿ ಕೌಂಟರಿನ ಹೊರಗೆ ಬಂದು ನಿಂತ ಮೇಲೆ ನಾನು ಮಾಡಿದ್ದೂ ಅದನ್ನೇ.